ಗಣಕಯಂತ್ರ ಏಳದಿದ್ದಾಗ

ಗಾಂಧಿನಗರದಿಂದ ಎಸ್.ಪಿ. ರಸ್ತೆಗೆ ಹೋಗಿ ಎರಡನೆಯ ಡಿಸ್ಕ್ ತಂದಿರಿ. ಹಳೆಯದರಲ್ಲಿ ವಿಂಡೋಸ್, ಹೊಸದರಲ್ಲಿ ಲಿನಕ್ಸ್. ಮುಂದೊಂದು ದಿನ ಹಳೆಯ ಡಿಸ್ಕನ್ನು ಕಳಚಿದಿರಿ. ಲಿನಕ್ಸ್ ಕೂಡ ಏಳಲೊಲ್ಲದು. ಮಗಳ ಪ್ರಬಂಧವೆಲ್ಲ ಹೋಯಿತೆಂದು ಗಾಬರಿಯಾಗಬೇಡಿ. ಕಡತಗಳು ಇದ್ದಲ್ಲೇ ಇವೆ. ತಪ್ಪಿರುವುದು ದಾರಿ ತೋರುವ ಬೂಟ್‌ಲೋಡರ್. ಲಿನಕ್ಸನ್ನು ಹಾಕುವಾಗ ಅದು ಹಳೆಯ ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಹೋಗಿ ಕುಳಿತಿರಬಹುದು.

ವಿದ್ಯುತ್ತನ್ನು ಆರಿಸಿ ಆ ಡಿಸ್ಕನ್ನು ಮತ್ತೆ ಜೋಡಿಸಿರಿ. ಯಂತ್ರದ ಬೂಟ್ ಸರದಿಯಲ್ಲಿ ಲಿನಕ್ಸಿನ ಹೆಸರನ್ನು ಮೊದಲಿಗೆ ತನ್ನಿರಿ. ಅಷ್ಟಕ್ಕೂ ಏಳದಿದ್ದರೆ ಲೈವ್ ಯುಎಸ್‌ಬಿಯಿಂದ ಎಬ್ಬಿಸಿ, ಮೊದಲು ಕಡತಗಳ ಪ್ರತಿ ತೆಗೆದಿಡಿ. ಅನಂತರ ಹೊಸ ಡಿಸ್ಕಿನಲ್ಲೇ ಫ್ಯಾಟ್32 ರೂಪದ ಇಎಫ್‌ಐ ವಿಭಾಗ ಮಾಡಿ, ಗ್ರಬ್ ಅನ್ನು ಅಲ್ಲಿಗೆ ಹಾಕಿರಿ. ಆಗ ಒಂದರ ಹಂಗು ಇನ್ನೊಂದಕ್ಕಿರದು. ಎಲ್ಲವನ್ನೂ ಅಳಿಸುವ ಆತುರ ಬೇಡ. ಬೀಗದ ಕೈ ಕಳೆದುದಕ್ಕೆ ಮನೆ ಕೆಡವುವವರುಂಟೆ?