ಅಪಘಾತದ ಪರಿಹಾರ: ವಿಮೆ ಎರಡಿದ್ದರೆ ಹಣವೂ ಎರಡು ಸಲವೆ?



ಊರು ಬಿಟ್ಟು ದುಡಿಯಬಂದ ನಮಗೆ ರಸ್ತೆಯ ಭಯ ನಿತ್ಯದ್ದು. ಬೆಳಿಗ್ಗೆ ಹೊರಟವರು ಸಂಜೆ ಮನೆಗೆ ಮರಳದಿದ್ದರೆ, ದುಃಖದ ಬೆನ್ನಿಗೇ ಕಾಗದಪತ್ರಗಳ ತೊಡಕೂ ಬರುತ್ತದೆ. ಸತ್ತವರ ಹೆಸರಿನಲ್ಲಿ ಜೀವವಿಮೆಯಿದೆ. ಆಸ್ಪತ್ರೆಯ ಖರ್ಚಿಗೆ ಬೇರೊಂದು ವಿಮೆಯಿದೆ. ಡಿಕ್ಕಿ ಹೊಡೆದ ವಾಹನಕ್ಕೂ ವಿಮೆಯಿದೆ. ಎಲ್ಲ ಕಡೆಯಿಂದಲೂ ಹಣ ಪಡೆಯಬಹುದೆ? ಪಡೆಯಬಹುದೆಂದು ಕೆಲವರ ನಂಬಿಕೆ. ಒಂದನ್ನು ಪಡೆದ ಮೇಲೆ ಇನ್ನೊಂದನ್ನು ಕೇಳಬಾರದೆಂದು ಹೆದರಿ ಕೈಬಿಡುವವರು ಇನ್ನು ಕೆಲವರು. ಎರಡೂ ಸರಿಯಲ್ಲ.

ಇಲ್ಲಿರುವ ನ್ಯಾಯ ಸರಳವಾದುದು. ನಾವು ಕಂತು ಕಟ್ಟಿ ಗಳಿಸಿಟ್ಟ ಹಣ ನಮ್ಮದು. ಅದರ ಲಾಭ ತಪ್ಪು ಮಾಡಿದವನಿಗೆ ಸಲ್ಲದು. ಆದರೆ ಒಂದೇ ನಷ್ಟವನ್ನು ಎರಡು ಸಲ ತುಂಬಿಸಿಕೊಳ್ಳಲು ಸಾಮಾನ್ಯವಾಗಿ ಆಸ್ಪದವಿಲ್ಲ.

ಮೊದಲು ಜೀವವಿಮೆ. ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಎದುರುದಾರನಾಗಿದ್ದ ಮೊಕದ್ದಮೆಯಲ್ಲಿ, ಜೀವವಿಮೆಯ ಹಣವನ್ನು ಅಪಘಾತದ ಪರಿಹಾರದಿಂದ ಕಳೆಯಕೂಡದೆಂದು ಸುಪ್ರೀಂ ಕೋರ್ಟು 1998ರಲ್ಲಿ ತೀರ್ಮಾನಿಸಿತು. ಪಿಂಚಣಿ, ಗ್ರಾಚ್ಯುಯಿಟಿಗಳಿಗೂ ಅದೇ ನ್ಯಾಯವೆಂದು 2018ರಲ್ಲಿ ಹೇಳಿತು. ಆದ್ದರಿಂದ ಪಾಲಿಸಿ ಒಂದಿರಲಿ ಮೂರಿರಲಿ, ಅವುಗಳ ಹಣವನ್ನೂ ನ್ಯಾಯಮಂಡಳಿಯ ಪರಿಹಾರವನ್ನೂ ವಾರಸುದಾರರು ಪಡೆಯಬಹುದು.

ಎರಡನೆಯದು ಆಸ್ಪತ್ರೆಯ ಬಿಲ್ಲು. ಖರ್ಚನ್ನು ತುಂಬಿಕೊಡುವ ಪಾಲಿಸಿ ಎರಡಿದ್ದರೂ ಕೈಸೇರುವುದು ಆದ ಖರ್ಚಿನಷ್ಟೇ. ಎರಡು ಲಕ್ಷದ ಬಿಲ್ಲಿಗೆ ಒಂದು ಕಂಪನಿ ಒಂದೂವರೆ ಲಕ್ಷ ಕೊಟ್ಟರೆ, ಉಳಿದ ಅರ್ಧ ಲಕ್ಷವನ್ನು ಇನ್ನೊಂದರಲ್ಲಿ ಕೇಳಬಹುದು. ಹಾಗೆ ಬಂದ ಹಣವನ್ನು ಅಪಘಾತದ ಪರಿಹಾರದಿಂದ ಕಳೆಯಬೇಕೆ ಎಂಬಲ್ಲಿ ಮಾತ್ರ ನ್ಯಾಯಾಲಯಗಳು ಒಮ್ಮತವಾಗಿಲ್ಲ. ಕಳೆಯಕೂಡದೆಂದು ಮುಂಬಯಿ ಹೈಕೋರ್ಟಿನ ಪೂರ್ಣಪೀಠವು 2025ರಲ್ಲಿ ಹೇಳಿತು. ಕಳೆಯಬೇಕೆಂಬ ತೀರ್ಪು ಕರ್ನಾಟಕ ಹೈಕೋರ್ಟಿನಿಂದ ಬಂದಿದೆ. ಅಪಘಾತವಾದ ಸ್ಥಳದಲ್ಲಾಗಲಿ, ಅರ್ಜಿದಾರರು ವಾಸಿಸುವ ಊರಿನಲ್ಲಾಗಲಿ ಅರ್ಜಿ ಹಾಕಲು ಕಾಯಿದೆಯಲ್ಲಿ ಅವಕಾಶವಿದೆ. ನಮ್ಮಂಥವರಿಗೆ ಈ ಆಯ್ಕೆ ಸಣ್ಣದಲ್ಲ. ವಕೀಲರನ್ನು ಮೊದಲೇ ಕೇಳಿ ನಿರ್ಧರಿಸಬೇಕು.

ಮೂರನೆಯದು, ಕೆಲಸದ ಮೇಲಿದ್ದಾಗ ಆದ ಅಪಘಾತ. ನೌಕರರ ಪರಿಹಾರದ ಕಾನೂನಿನಂತೆ ಕೇಳಬಹುದು, ಇಲ್ಲವೆ ಮೋಟಾರು ವಾಹನ ಕಾಯಿದೆಯಂತೆ ಕೇಳಬಹುದು, ಎರಡರಲ್ಲೂ ಕೇಳಲಾಗದು. 1988ರ ಮೋಟಾರು ವಾಹನ ಕಾಯಿದೆಯ 167ನೆಯ ಕಲಮು ಹೀಗೆಯೇ ವಿಧಿಸಿದೆ. ಎರಡು ದೋಣಿಯಲ್ಲಿ ಕಾಲಿಡುವ ಮುನ್ನ ಯಾವುದರಲ್ಲಿ ಹೆಚ್ಚು ಬರುವುದೆಂದು ಲೆಕ್ಕ ಹಾಕಬೇಕು. ಅವಸರದಲ್ಲಿ ಎಲ್ಲಿಯೂ ರುಜು ಹಾಕಬಾರದು.

ನಾಲ್ಕನೆಯದು, ಸ್ವಂತ ಸ್ಕೂಟರು ಓಡಿಸುವವರ ಮಾತು. ಬೇರೆಯವರಿಗಾಗುವ ಹಾನಿಗೆಂದು ಮಾಡಿಸಿದ ವಿಮೆ, ಓಡಿಸುತ್ತಿದ್ದ ಮಾಲಿಕನಿಗೇ ಪೆಟ್ಟಾದರೆ ಒದಗದು. ಅದಕ್ಕೆಂದೇ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯಿದೆ. ಅದರ ಮೊಬಲಗನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಿದರು. 2019ರಿಂದ ಅದನ್ನು ಬೇರೆಯಾಗಿಯೂ ಕೊಳ್ಳಬಹುದು. ವಾಹನ ಎರಡಿದ್ದರೂ ಅಂಥ ವಿಮೆ ಒಂದೇ ಸಾಕು. ಪ್ರತಿಯೊಂದು ಗಾಡಿಗೂ ಕಂತು ತೆರಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿ ಸೇರಿದೆ. ತಿಥಿಕರ್ಮ ಮುಗಿಸಿ ಊರಿಂದ ಬಂದ ಮೇಲೆ ನೋಡೋಣವೆಂದು ದಿನ ತಳ್ಳುವುದು ಕ್ಷೇಮವಲ್ಲ.

ಬಂಧುಗಳೆ, ನಮ್ಮಲ್ಲಿ ಅನೇಕರ ಪಾಲಿಸಿಗಳು ಟ್ರಂಕಿನ ತಳದಲ್ಲಿವೆ. ಮನೆಯವರಿಗೆ ಅವುಗಳ ಸುಳಿವೇ ಇಲ್ಲ. ಈ ಭಾನುವಾರ ಅವನ್ನು ಹೊರತೆಗೆಯೋಣ. ಪಾಲಿಸಿಯ ನಂಬರು, ಕಂಪನಿಯ ಹೆಸರು, ನಾಮಿನಿ ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು, ಒಂದು ಪ್ರತಿಯನ್ನು ಮನೆಯಲ್ಲಿಟ್ಟು, ಇನ್ನೊಂದನ್ನು ಊರಿಗೆ ಕಳಿಸೋಣ. ಬೆವರು ಸುರಿಸಿ ಕಟ್ಟಿದ ಕಂತು ನಮ್ಮವರ ಕೈಸೇರದೆ ಹೋಗಬಾರದು.