ಊರಿಗೆ ಹತ್ತು ಜನ

ನಿಮ್ಮನ್ನು ಸೋಲಿಸಲೆಂದೇ ಸಂಬಳ ಪಡೆದು ದುಡಿಯುವ ಜನ ಇದ್ದಾರೆ, ಗೊತ್ತೇ? ಬಹಳ ಓದಿದವರು, ಮಹಾ ಬುದ್ಧಿವಂತರು. ಮೊಬೈಲ್ ಜೂಜಿನ ಪರದೆಯ ಮೇಲೆ ಯಾವ ಬಣ್ಣ ಮಿನುಗಿದರೆ ನಿಮ್ಮ ಬೆರಳು ಇನ್ನೊಮ್ಮೆ ಒತ್ತುತ್ತದೆ, ಎಷ್ಟು ಸೋಲಿನ ನಂತರ ಒಂದು ಪುಟ್ಟ ಗೆಲುವು ಎಸೆದರೆ ನೀವು ಎದ್ದು ಹೋಗುವುದಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ‘ಬೋನಸ್’ ಎಂಬ ಸಂದೇಶ ಬಂದರೆ ಮಲಗಿದ್ದವರು ದಡಕ್ಕನೆ ಎದ್ದು ಕೂರುತ್ತೀರಿ ಎಂಬುದನ್ನೆಲ್ಲ ಅವರು ಲೆಕ್ಕ ಹಾಕಿ ಇಟ್ಟುಕೊಂಡಿದ್ದಾರೆ. ಅವರು ಪಳಗಿದವರು. ತರಬೇತಿ ಪಡೆದವರು.

ಈ ಕಡೆ ಯಾರಿದ್ದಾರೆ? ಮಗನ ಸಾಲ ತೀರಿಸಲು ಕಿವಿಯ ಓಲೆ ಬಿಚ್ಚಿ ಕೊಟ್ಟ ತಾಯಿ ಇದ್ದಾಳೆ. ಏನೋ ಸರಿಯಿಲ್ಲ ಎಂದು ಗೊತ್ತಾದರೂ ಹೇಗೆ ಕೇಳುವುದೆಂದು ತಿಳಿಯದ ಹಾಸ್ಟೆಲ್ ಗೆಳೆಯ ಇದ್ದಾನೆ. ಗದರುವುದೊಂದನ್ನೇ ಬಲ್ಲ ಮೇಷ್ಟ್ರು ಇದ್ದಾರೆ. ಪ್ರೀತಿ ಇದೆ, ಕಳವಳ ಇದೆ, ಕಣ್ಣೀರಂತೂ ಧಾರಾಳವಾಗಿ ಇದೆ. ತರಬೇತಿ ಇಲ್ಲ.

ಆ ಕೊರತೆಯನ್ನು ತುಂಬಬೇಕಾದವರು ನಾವು. ನಾನು ಮಾತನಾಡುತ್ತಿರುವುದು ನಿಮ್ಮೊಡನೆಯೇ: ಪಿಯುಸಿ ಮುಗಿಸಿ ಸಿಇಟಿ ಫಲಿತಾಂಶಕ್ಕೆ ಕಾದಿರುವವರೊಡನೆ, ಪೀಣ್ಯದ ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುವವರೊಡನೆ, ಅಡಿಕೆ ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕುಳಿತು ಮೊಬೈಲ್ ನೋಡುವವರೊಡನೆ.

ಚಟಗಳನ್ನು ತಡೆಯಲು ಕಾನೂನು ಇದೆಯಲ್ಲ ಎನ್ನುತ್ತೀರಾ? ಇದೆ. 2007ರಲ್ಲಿ ಈ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. ಲಾಟರಿಗೂ ಅದೇ ವರ್ಷ ಬೀಗ ಬಿತ್ತು. ಬಸ್ ನಿಲ್ದಾಣಗಳಲ್ಲಿ ಸಾಲು ಸಾಲಾಗಿ ತೂಗಾಡುತ್ತಿದ್ದ ಆ ಬಣ್ಣದ ಚೀಟಿಗಳು ಮಾಯವಾದವು. ಎಷ್ಟೋ ಮನೆಗಳು ಉಸಿರಾಡಿದವು. ಆದರೆ ಚಟ ಊರು ಬಿಡಲಿಲ್ಲ, ವೇಷ ಬದಲಿಸಿತು. ಸಾರಾಯಿ ಪ್ಯಾಕೆಟ್ ಹೋದ ಕಡೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಲಾಟರಿ ಅಂಗಡಿ ಮುಚ್ಚಿದ ಊರಿನಲ್ಲಿ ಅಂಗೈಯೊಳಗೇ ಅಂಗಡಿ ತೆರೆಯಿತು. ಆನ್‌ಲೈನ್ ಜೂಜಿಗೆ ತಡೆಯೊಡ್ಡಲು 2021ರಲ್ಲಿ ರಾಜ್ಯ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ; ಜಾಹೀರಾತು ಮಾಡಿದವರಿಗೂ ಶಿಕ್ಷೆ. ಆನ್‌ಲೈನ್‌ನಲ್ಲಿ ಆಡಿ ಕಳೆದುಕೊಂಡವನನ್ನು ಮಾತ್ರ ಆ ಕಾನೂನು ಅಪರಾಧಿಯೆಂದು ನೋಡುವುದಿಲ್ಲ. ಈ ಒಂದು ಮಾತು ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು? ‘ಹೇಳಿಕೊಂಡರೆ ಪೊಲೀಸರು ಹಿಡಿಯುತ್ತಾರೆ’ ಎಂದು ಹೆದರಿ ಬಾಯಿ ಮುಚ್ಚಿ ಕುಳಿತವರಿಗೆ ಯಾರು ಹೇಳಬೇಕು?

ಕಾನೂನು ಅಂಗಡಿ ಮುಚ್ಚಿಸಬಲ್ಲದು. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಮೇಲೆ ಎದ್ದು ಕುಳಿತವನ ಪಕ್ಕದಲ್ಲಿ ಅದು ಕೂರಲಾರದು. ಇನ್ನು ಮದ್ಯದ ವಿಷಯದಲ್ಲಿ ಸರ್ಕಾರದ ಕಡೆ ಬಹಳ ಆಸೆಯಿಂದ ನೋಡಬೇಡಿ. ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಅಬಕಾರಿ ಆದಾಯ ಬರುವಾಗ ಖಜಾನೆಗೂ ಒಂದು ಬಗೆಯ ಚಟ ಅಂಟಿಕೊಂಡಿರುತ್ತದೆ!

ಈ ನೆಲ ಸುಮ್ಮನೆ ಕುಳಿತದ್ದಿಲ್ಲ. 1975ರಿಂದ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ಅಲೆದರು. ಅಕ್ಕಿ ಬೇಡಲಿಲ್ಲ, ಕಾಸು ಬೇಡಲಿಲ್ಲ. ‘ನಿಮ್ಮ ದುಶ್ಚಟವನ್ನು ಭಿಕ್ಷೆ ಹಾಕಿ’ ಎಂದರು. ಜನ ಬೀಡಿ ಕಟ್ಟು ಹಾಕಿದರು, ಗುಟ್ಕಾ ಹಾಕಿದರು, ಕುಡಿತ ಬಿಡುವೆನೆಂಬ ಮಾತು ಹಾಕಿದರು. ಅವರು ಹುಟ್ಟಿದ ಆಗಸ್ಟ್ 1 ಇಂದು ನಮ್ಮ ರಾಜ್ಯದ ವ್ಯಸನಮುಕ್ತ ದಿನ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಮೂರು ದಶಕಗಳಿಂದ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಿದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ‘ನವಜೀವನ ಸಮಿತಿ’ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ನನ್ನ ಕಣ್ಣಿಗೆ ಶಿಬಿರಕ್ಕಿಂತ ಈ ಸಮಿತಿಯೇ ದೊಡ್ಡದು. 2019ರ ಜನವರಿಯ ಚಳಿಯಲ್ಲಿ ಹೈದರಾಬಾದ್ ಕರ್ನಾಟಕದಿಂದಲೂ ಬೇರೆ ಕಡೆಗಳಿಂದಲೂ ಬಂದ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎನ್ನುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದರು. ಕೂಲಿ ಬಿಟ್ಟು, ಮನೆ ಬಿಟ್ಟು, ಸವೆದ ಚಪ್ಪಲಿಯಲ್ಲಿ ನಡೆದರು. ಆ ತಾಯಂದಿರ ಜೊತೆ ಅವರ ಗಂಡುಮಕ್ಕಳು ಎಷ್ಟು ಮಂದಿ ನಡೆದರು? ಈ ಪ್ರಶ್ನೆ ನಮ್ಮನ್ನು ಸ್ವಲ್ಪ ಚುಚ್ಚಲಿ.

ಈಗ ನಮ್ಮ ಸರದಿ. ಸ್ವಾಮಿಗಳು ನಡೆದರು, ಅಮ್ಮಂದಿರು ನಡೆದರು. ನಾವು ಕಲಿಯಬೇಕು. ಏಕೆಂದರೆ ಈ ಹೊತ್ತಿನ ಚಟಕ್ಕೆ ಭಾಷಣ ಸಾಲದು. ಕಾಲೇಜಿನ ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ದೀಪ ಬೆಳಗಿ, ‘ಯುವಕರು ದುಶ್ಚಟಗಳಿಂದ ದೂರವಿರಬೇಕು’ ಎಂದು ಮುಕ್ಕಾಲು ಗಂಟೆ ಹೇಳಿ ಹಾರ ಹಾಕಿಸಿಕೊಂಡು ಹೊರಟರೆ, ಕೊನೆಯ ಬೆಂಚಿನಲ್ಲಿ ಕುಳಿತು ಟಾಸ್ ಮೇಲೆ ಬೆಟ್ ಕಟ್ಟುತ್ತಿದ್ದ ಹುಡುಗನಿಗೆ ಏನು ಸಿಕ್ಕಿತು? ಹಾವು ಕಚ್ಚಿದವನ ಮುಂದೆ ಹಾವಿನ ಮೇಲೆ ಪ್ರವಚನ ಮಾಡಿದಂತಾಯಿತು, ಅಷ್ಟೆ.

ಹಾಗಾದರೆ ಕಲಿಯುವುದೇನು? ಮೊದಲು, ಇದು ಕಾಯಿಲೆ ಎಂಬುದನ್ನು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವೂ ಇದೆ, ಆಟದ ಚಟವೂ ಇದೆ. ಬಾಯಲ್ಲಿ ವಾಸನೆ ಇಲ್ಲ, ನಡಿಗೆಯಲ್ಲಿ ತೂರಾಟ ಇಲ್ಲ, ಆದ್ದರಿಂದಲೇ ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಮೀಟರ್ ಬಡ್ಡಿಯವನು ಬಾಗಿಲಲ್ಲಿ ನಿಂತಿರುತ್ತಾನೆ. ಇದರ ಮೂಲ ಒಂದೇ ವಾಕ್ಯದಲ್ಲಿದೆ. ಜೂಜಿಗೆ ಬಿದ್ದವರೆಲ್ಲ ಹೇಳುವ ವಾಕ್ಯ: ‘ಹೋಗಿದ್ದು ವಾಪಸ್ ಬಂದರೆ ಸಾಕು, ಬಿಟ್ಟುಬಿಡ್ತೀನಿ.’ ಹೋದದ್ದನ್ನು ತರಲು ಮತ್ತಷ್ಟು ಹೋಗುತ್ತದೆ. ಅದನ್ನು ತರಲು ಇನ್ನಷ್ಟು. ಸಭೆಯಲ್ಲಿ ಕುಳಿತ ಧರ್ಮರಾಯನೂ ಇದೇ ಇಳಿಜಾರಿನಲ್ಲಿ ಜಾರಿದವನಲ್ಲವೇ?

ಆಮೇಲೆ, ಕೇಳುವುದನ್ನು ಕಲಿಯಬೇಕು. ‘ಥೂ, ನಾಚಿಕೆ ಆಗಲ್ವಾ? ಅಪ್ಪ ಹೊಲ ಮಾರಿ ಓದಿಸ್ತಿದ್ದಾನೆ, ನೀನು ನೋಡಿದ್ರೆ...’ ಎಂದು ನಾವು ಕೂಗುತ್ತೇವೆ. ಅವನು ಅದನ್ನು ಪ್ರತಿ ರಾತ್ರಿ ತನಗೆ ತಾನೇ ಇನ್ನೂ ಕೆಟ್ಟದಾಗಿ ಬೈದುಕೊಂಡಿರುತ್ತಾನೆ. ನಮ್ಮ ಕೂಗು ಅವನನ್ನು ಕೋಣೆಯ ಒಳಕ್ಕೆ ತಳ್ಳುತ್ತದೆ. ಕಲಿತವನು ಹೇಗೆ ಮಾತಾಡುತ್ತಾನೆ ಕೇಳಿ: ‘ಮಗಾ, ಹದಿನೈದು ದಿನದಿಂದ ಸರಿಯಾಗಿ ಊಟಕ್ಕೆ ಬರ್ತಿಲ್ಲ. ಫೋನ್ ಬಂದ್ರೆ ಹೊರಗೆ ಓಡ್ತೀಯ. ನಂಗ್ಯಾಕೋ ಗಾಬರಿ ಆಗ್ತಿದೆ. ಏನಾಯ್ತು?’ ಇಷ್ಟು ಹೇಳಿ ಅವನು ಸುಮ್ಮನಾಗುತ್ತಾನೆ. ಆ ಸುಮ್ಮನಿರುವುದೇ ಅತ್ಯಂತ ಕಷ್ಟದ ಪಾಠ. ನಮ್ಮ ನಾಲಿಗೆಗೆ ಬುದ್ಧಿವಾದ ಹೇಳುವ ತುರಿಕೆ ಅಷ್ಟಿದೆ!

ಮಾತು ಶುರುವಾದ ಮೇಲೆ ಎರಡು ಪ್ರಶ್ನೆ. ‘ಕಟ್ಟುವ ದುಡ್ಡನ್ನು ಹೆಚ್ಚಿಸುತ್ತಲೇ ಹೋಗಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ? ಎಷ್ಟು ಆಡಿದೆ ಅನ್ನೋದನ್ನ ಹತ್ತಿರದವರಿಂದ ಮುಚ್ಚಿಟ್ಟು ಸುಳ್ಳು ಹೇಳಿದ್ದೀಯಾ?’ ಜಗತ್ತಿನ ಅನೇಕ ಕಡೆ ಜೂಜಿನ ತೊಂದರೆಯನ್ನು ಮೊದಲ ನೋಟಕ್ಕೆ ಗುರುತಿಸಲು ಬಳಸುವುದು ಈ ಎರಡನ್ನೇ. ಒಂದಕ್ಕೆ ಹೌದೆಂದರೂ ಮುಂದೆ ಬಲ್ಲವರ ಬಳಿ ಕರೆದೊಯ್ಯಬೇಕು. ಸಾಲ ಕುತ್ತಿಗೆಗೆ ಬಂದಿದೆ, ಮುಖ ಕಳೆಗುಂದಿದೆ ಎಂದಾದರೆ ಮೂರನೆಯ ಪ್ರಶ್ನೆಯನ್ನೂ ನೇರವಾಗಿ ಕೇಳಬೇಕು: ‘ಸಾಯೋ ಯೋಚನೆ ಬಂದಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬುದು ನಮ್ಮ ತಪ್ಪು ಭಯ. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ಪಕ್ಕದಲ್ಲೇ ಕುಳಿತು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮದ್ಯ, ಗಾಂಜಾ, ಮಾತ್ರೆಗಳ ಚಟಕ್ಕೆ 14446 ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಮೊಬೈಲ್, ಆಟಗಳ ಗೀಳಿಗೆಂದು 2014ರಲ್ಲಿ ಅಲ್ಲಿ ಆರಂಭವಾದ ಶಟ್ ಕ್ಲಿನಿಕ್ ಇದೆ. ಇವನ್ನೆಲ್ಲ ಕಂಠಪಾಠ ಮಾಡಿಕೊಳ್ಳಿ.

ಇನ್ನೊಂದು ಕಠಿಣ ಮಾತು. ಗೆಳೆಯ ಅತ್ತನೆಂದು ಅವನ ಕೈಗೆ ಐದು ಸಾವಿರ ಇಡಬೇಡಿ. ಚಟ ಹಿಡಿತಕ್ಕೆ ಬರುವ ಮೊದಲೇ ಸಾಲ ತೀರಿಸಿದರೆ ಅದು ಹೊಸ ಪಂದ್ಯದ ಬಂಡವಾಳವಾಗಬಹುದು. ಎಟಿಎಂ ಕಾರ್ಡ್ ಕೆಲವು ತಿಂಗಳು ಮನೆಯ ಒಬ್ಬರ ಕೈಯಲ್ಲಿರಲಿ, ಯುಪಿಐ ಮಿತಿ ಇಳಿಯಲಿ, ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿಯನ್ನು ಅವನೇ ಬರೆಯಲಿ. ಕುಡಿತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವರ್ಷಗಟ್ಟಲೆ ಬೆಳಿಗ್ಗೆಯಿಂದ ಕುಡಿದವನಿಗೆ ದೇವರ ಮುಂದೆ ಆಣೆ ಮಾಡಿಸಿ ‘ಇವತ್ತಿಂದಲೇ ಬಿಡು’ ಎಂದು ಕೋಣೆಯಲ್ಲಿ ಕೂಡಿಹಾಕುವವರಿದ್ದಾರೆ. ಮೊದಲ ಎರಡು ಮೂರು ದಿನಗಳಲ್ಲೇ ಅವನಿಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ವೈದ್ಯರ ಕಣ್ಣಳತೆಯಲ್ಲಿ ಬಿಡಿಸಬೇಕು. ನೋಡಿ, ಒಳ್ಳೆಯ ಮನಸ್ಸಿದ್ದು ತಿಳಿವಳಿಕೆ ಇಲ್ಲದಿದ್ದರೆ ಎಂಥ ಅನಾಹುತ!

ಮಕ್ಕಳಿಗೆ ಕಲಿಸುವುದು ಇದಕ್ಕಿಂತ ಸುಲಭ, ಖುಷಿಯದು ಕೂಡ. ಒಂದು ದಾಳ ತನ್ನಿ, ಒಂದು ಸೇರು ಹುಣಸೆ ಬೀಜ ತನ್ನಿ. ಹೈಸ್ಕೂಲಿನ ಹತ್ತು ಮಕ್ಕಳಿಗೆ ತಲಾ ಅರವತ್ತು ಬೀಜ ಹಂಚಿ. ನಿಯಮ ಇಷ್ಟೇ: ಒಂದು ಬೀಜ ಕಟ್ಟಿ ಒಂದು ಸಂಖ್ಯೆ ಹೇಳಬೇಕು; ಬಿದ್ದರೆ ಕಟ್ಟಿದ್ದೂ ಸೇರಿ ಐದು ಬೀಜ, ಬೀಳದಿದ್ದರೆ ಕಟ್ಟಿದ್ದು ಬಟ್ಟಲಿಗೆ. ಐದು ಪಟ್ಟು! ಮಕ್ಕಳ ಕಣ್ಣು ಅರಳುತ್ತದೆ. ‘ನಾಲ್ಕು ಬಿದ್ದು ಬಹಳ ಹೊತ್ತಾಯ್ತು, ಈಗ ಬಂದೇ ಬರುತ್ತೆ’ ಎಂದು ಒಬ್ಬ ಕೂಗುತ್ತಾನೆ. ದಾಳಕ್ಕೆ ನೆನಪಿಲ್ಲ ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ಅರವತ್ತು ಸಲ ಎಸೆದರೆ ಸರಾಸರಿ ಹತ್ತು ಸಲ ಬೀಳುತ್ತದೆ, ಐವತ್ತು ಬೀಜ ವಾಪಸ್ಸು, ಹತ್ತು ಬೀಜ ಬಟ್ಟಲಿನಲ್ಲಿ. ಒಬ್ಬಿಬ್ಬರು ಗೆದ್ದಿರುತ್ತಾರೆ, ಜಿಗಿದಾಡುತ್ತಾರೆ. ಜಾಹೀರಾತಿನಲ್ಲಿ ತೋರಿಸುವುದು ಅವರ ಮುಖವನ್ನೇ. ಆದರೆ ಹತ್ತು ಮಕ್ಕಳೂ ಆಡಿ ಮುಗಿಸಿದಾಗ ಬಟ್ಟಲಿನಲ್ಲಿ ನೂರರ ಆಸುಪಾಸು ಬೀಜ. ‘ಬಟ್ಟಲು ಯಾರದು?’ ಎಂದು ಕೇಳಿ. ಉತ್ತರವನ್ನು ಅವರೇ ಹೇಳುತ್ತಾರೆ, ನೀವು ಹೇಳಬೇಕಾಗಿಲ್ಲ.

ಇಂಥದ್ದು ಎಲ್ಲಾದರೂ ಫಲಿಸಿದೆಯೇ? ಐಸ್‌ಲ್ಯಾಂಡ್ ಎಂಬ ದೇಶವಿದೆ; ನಮ್ಮ ದಾವಣಗೆರೆ ನಗರಕ್ಕಿಂತ ಕಡಿಮೆ ಜನ. 1998ರಲ್ಲಿ ಅಲ್ಲಿನ 15–16ರ ಹರೆಯದ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿಸಿಕೊಂಡಿದ್ದವರು. ತಂದೆತಾಯಂದಿರು ಸರದಿಯ ಮೇಲೆ ರಾತ್ರಿ ಬೀದಿ ಸುತ್ತಿದರು, ನಗರಸಭೆಗಳು ಆಟಕ್ಕೂ ಸಂಗೀತಕ್ಕೂ ದುಡ್ಡು ಕೊಟ್ಟವು, ಶಾಲೆಗಳು ಮಕ್ಕಳನ್ನೇ ಕೇಳಿ ಪರಿಸ್ಥಿತಿಯನ್ನು ಅಳೆದವು. 2016ರ ಹೊತ್ತಿಗೆ ಆ 42 ಇಳಿದು 5 ಆಯಿತು. ನಮ್ಮಲ್ಲಿ ಏನು ಕಡಿಮೆ? ಕುಸ್ತಿಯ ಗರಡಿ ಇಲ್ಲವೇ, ಕಬಡ್ಡಿಯ ಅಂಗಳ ಇಲ್ಲವೇ, ಡೊಳ್ಳಿನ ತಂಡ, ಯಕ್ಷಗಾನದ ಚೌಕಿ, ಭಜನೆಯ ಮನೆ ಇಲ್ಲವೇ? ಪಂಚಾಯಿತಿಯ ಅರಿವು ಕೇಂದ್ರ ಇಲ್ಲವೇ, ಸ್ತ್ರೀಶಕ್ತಿ ಸಂಘ ಇಲ್ಲವೇ, ಪ್ರತಿ ಮನೆಯ ಕಷ್ಟ ಬಲ್ಲ ಆಶಾ ಕಾರ್ಯಕರ್ತೆ ಇಲ್ಲವೇ? ಎಲ್ಲ ಇದೆ. ಬೆಸೆಯುವ ಕೈಗಳು ಬೇಕು.

ಆ ಕೈಗಳನ್ನು ಪಳಗಿಸುವ ದಾರಿಯೂ ಇದೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ರೂಪಿಸಿದ ‘ಯುವ ಸ್ಪಂದನ’ದಲ್ಲಿ ಆಯಾ ಜಿಲ್ಲೆಯ ಹುಡುಗ ಹುಡುಗಿಯರನ್ನೇ ‘ಯುವ ಪರಿವರ್ತಕ’ರೆಂದು ತರಬೇತಿಗೊಳಿಸಿದರು. ಅವರು ವೈದ್ಯರಲ್ಲ, ದೊಡ್ಡ ಪದವೀಧರರೂ ಆಗಬೇಕಿರಲಿಲ್ಲ. ಕೇಳುವ ಕಿವಿ, ಗುಟ್ಟು ಕಾಯುವ ಬಾಯಿ, ಮುಂದೆ ಎಲ್ಲಿಗೆ ಕಳಿಸಬೇಕೆಂಬ ಅರಿವು, ಇಷ್ಟೇ ಅವರ ಆಸ್ತಿ. ಈ ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಒಂದೊಂದರಲ್ಲಿ ಹತ್ತು ಜನ ಇಂಥವರು ಎದ್ದು ನಿಂತರೆ ಅರವತ್ತು ಸಾವಿರ. ಅರವತ್ತು ಸಾವಿರ ಕಲಿತ ಕಿವಿಗಳು, ಅರವತ್ತು ಸಾವಿರ ತೆರೆದ ಬಾಗಿಲುಗಳು, ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದ ಬಂದರಿನಿಂದ ಕೋಲಾರದ ಟೊಮೆಟೊ ಮಂಡಿಯವರೆಗೆ! ಆ ಪಳಗಿದ ಬುದ್ಧಿವಂತರಿಗೆ ಎದುರಾಗಿ ನಿಲ್ಲುವ ಪಡೆ ಇದು. ನಮ್ಮ ಪಡೆ.

ಬಿಟ್ಟವನು ಮತ್ತೆ ಆಡಿದರೆ? ಆಡಬಹುದು. ಕುಡಿತ ಬಿಟ್ಟವನು ಜಾತ್ರೆಯಲ್ಲಿ ಮತ್ತೆ ಕುಡಿಯಬಹುದು. ಜಾರಿ ಬೀಳುವುದು ಈ ಕಾಯಿಲೆಯ ಸ್ವಭಾವ. ‘ನಾಯಿ ಬಾಲ’ ಎಂದು ಊರು ನಗುತ್ತದೆ; ನಗಲಿ. ಮಾರನೆಯ ದಿನ ಅವನ ಮನೆಯ ಬಾಗಿಲು ತಟ್ಟುವವರು ನೀವಾಗಿರಿ.

ಹೊರಡಿ. ಪಿಡಿಓ ಅವರನ್ನು ಕಂಡು ಅರಿವು ಕೇಂದ್ರದ ಒಂದು ಭಾನುವಾರ ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರ ಬಳಿ ಹೋಗಿ, ‘ನಮಗೆ ಕಲಿಸಲು ಬನ್ನಿ’ ಎಂದು ಕರೆಯಿರಿ. ಬರುತ್ತೇವೆಂದು ಮರೆತರೆ ಮತ್ತೆ ಹೋಗಿ. ಕಾಲೇಜಿನಲ್ಲಿದ್ದರೆ ಎನ್‌ಎಸ್‌ಎಸ್ ಅಧಿಕಾರಿಗಳ ಬೆನ್ನು ಹತ್ತಿ. ಗಣಪತಿ ಕೂರಿಸಲು ಮನೆ ಮನೆ ತಿರುಗಿ ಚಂದಾ ಎತ್ತುವ ನಮಗೆ ಹತ್ತು ಜನರನ್ನು ಕಲೆಹಾಕುವುದು ಕಷ್ಟವೇ? ಒಂದು ಹಾಳೆ ತೆಗೆದುಕೊಳ್ಳಿ, ಒಂದರಿಂದ ಹತ್ತರವರೆಗೆ ಅಂಕಿ ಹಾಕಿ. ಹುಡುಗಿಯರ ಹೆಸರು ಅರ್ಧವಾದರೂ ಇರಲಿ. ಒಂದು ಕಾಲದಲ್ಲಿ ಆಡಿ ಸೋತು ಈಗ ಎದ್ದು ನಿಂತಿರುವ ಒಬ್ಬನನ್ನಂತೂ ಬಿಡಬೇಡಿ, ಉಳಿದ ಒಂಬತ್ತು ಜನಕ್ಕೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ಮೊದಲ ಅಂಕಿಯ ಮುಂದೆ ನಿಮ್ಮ ಹೆಸರು ಬರೆಯಿರಿ. ಇವತ್ತೇ ಬರೆಯಿರಿ.