ಕಣ್ಣೀರಿಗೆ ಮುನ್ನ ಒಂದು ಪ್ರಶ್ನೆ

(ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿರಾಶ್ರಿತರಿಗಾಗಿ ಹಣ ಸಂಗ್ರಹಿಸಲು ಅಂತರ್ಜಾಲದ ಕಿರುಚಿತ್ರಗಳನ್ನು ಬಳಸುವ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ನಾನು ಮದ್ರಸದಲ್ಲಿ ಕಲಿಯುತ್ತಿದ್ದಾಗ ಸಿನಿಮಾ ಎಂಬ ಪದವನ್ನು ಉಚ್ಚರಿಸಲೂ ಅಂಜಿಕೆಯಿತ್ತು. ಇಂದು ಅದೇ ಪರಿಸರದ ಹಿರಿಯರು ಬೆಳಗಿನ ನಮಾಝ್ ಮುಗಿಸಿ ಮೊಬೈಲ್ ತೆರೆದು, ಡೇರೆಯ ಮುಂದೆ ಅಳುವ ಮಗುವಿನ ದೃಶ್ಯವನ್ನು ಬಂಧುಗಳಿಗೆಲ್ಲ ಕಳುಹಿಸುತ್ತಾರೆ. ಅದರ ಕೆಳಗೊಂದು ಬ್ಯಾಂಕ್ ಖಾತೆಯ ಸಂಖ್ಯೆ. ಮಗು ಯಾವ ದೇಶದ್ದು, ಖಾತೆ ಯಾರದ್ದು ಎಂದು ಕೇಳಿದರೆ, "ಒಳ್ಳೆಯ ಕೆಲಸಕ್ಕೆ ಅಡ್ಡ ಬರಬೇಡ" ಎಂಬ ಉತ್ತರ ದೊರೆಯುತ್ತದೆ. ಈ ಉತ್ತರವೇ ನನ್ನ ಆತಂಕಕ್ಕೆ ಕಾರಣ.

ಚಿತ್ರ ತೋರಿಸಿ ದಾನ ಕೇಳುವ ಕ್ರಮ ಹೊಸತಲ್ಲ. 1921ರಲ್ಲಿ ರಷ್ಯಾ ಭೀಕರ ಕ್ಷಾಮಕ್ಕೆ ತುತ್ತಾದಾಗ, ಅಲ್ಲಿಗೆ ನೆರವು ಕಳುಹಿಸುವುದನ್ನೇ ಬ್ರಿಟನ್ನಿನಲ್ಲಿ ಕೆಲವರು ವಿರೋಧಿಸಿದರು. ಆಗ ಸೇವ್ ದಿ ಚಿಲ್ಡ್ರನ್ ಸಂಸ್ಥೆಯು ಛಾಯಾಗ್ರಾಹಕನನ್ನು ಕಳುಹಿಸಿ, ಅಲ್ಲಿನ ಸ್ಥಿತಿಯನ್ನು ಚಿತ್ರೀಕರಿಸಿ, ಜನರಿಗೆ ತೋರಿಸಿ ಹಣ ಕೂಡಿಸಿತು. ಅಂದರೆ ಆ ಚಿತ್ರವು ಸಂಶಯಕ್ಕೆ ನೀಡಿದ ಸಾಕ್ಷ್ಯವಾಗಿತ್ತು.

ಅದೇ ಸಂಸ್ಥೆ 2014ರ ಮಾರ್ಚ್‌ನಲ್ಲಿ, ಸಿರಿಯಾದ ಯುದ್ಧಕ್ಕೆ ಮೂರು ವರ್ಷ ತುಂಬುವ ಹೊತ್ತಿಗೆ, ಸುಮಾರು ಒಂದೂವರೆ ನಿಮಿಷದ ಚಿತ್ರವೊಂದನ್ನು ಯೂಟ್ಯೂಬ್‌ನಲ್ಲಿ ಪ್ರಕಟಿಸಿತು. ಅಂದಿಗೆ ಸುಮಾರು 25 ಲಕ್ಷ ಸಿರಿಯನ್ನರು ದೇಶ ಬಿಟ್ಟಿದ್ದರು. ಚಿತ್ರದಲ್ಲಿ ಸಿರಿಯಾ ಇಲ್ಲ. ಲಂಡನ್ನಿನ ಬಾಲಕಿಯೊಬ್ಬಳು ಹುಟ್ಟುಹಬ್ಬದ ಮೇಣದಬತ್ತಿ ಊದುತ್ತಾಳೆ. ಬಳಿಕ ದಿನಕ್ಕೊಂದು ಕ್ಷಣದಂತೆ ಅವಳ ಒಂದು ವರ್ಷ ಸರಿಯುತ್ತದೆ. ಹಿನ್ನೆಲೆಯಲ್ಲಿ ಸುದ್ದಿಗಳು ಕೇಳಿಸುತ್ತವೆ, ಮನೆ ಬಿಡಬೇಕಾಗುತ್ತದೆ, ಮರುವರ್ಷದ ಹುಟ್ಟುಹಬ್ಬ ಬರುವಷ್ಟರಲ್ಲಿ ಅವಳು ನಿರಾಶ್ರಿತಳು. ಕೋಟ್ಯಂತರ ಬಾರಿ ವೀಕ್ಷಿಸಲ್ಪಟ್ಟ ಈ ಚಿತ್ರ ಅಭಿನಯವೆಂಬುದು ನೋಡುವ ಯಾರಿಗೂ ತಿಳಿಯುತ್ತದೆ. ಯಾರೂ ಮೋಸಹೋಗಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೊಂದು ದೃಶ್ಯ ಹರಡಿತು. ಗುಂಡುಗಳ ನಡುವೆ ಸಿರಿಯನ್ ಬಾಲಕನೊಬ್ಬ ಓಡಿಹೋಗಿ ಬಾಲಕಿಯನ್ನು ರಕ್ಷಿಸುವ ದೃಶ್ಯ. ಲಕ್ಷಾಂತರ ಜನ ಅದನ್ನು ನಿಜವೆಂದೇ ನಂಬಿದರು. ಕೆಲವೇ ದಿನಗಳಲ್ಲಿ ಸತ್ಯ ಹೊರಬಿತ್ತು: ನಾರ್ವೆಯ ನಿರ್ದೇಶಕನೊಬ್ಬ ಅದನ್ನು ಮಾಲ್ಟಾದಲ್ಲಿ ಚಿತ್ರೀಕರಿಸಿದ್ದ. ಯುದ್ಧದಲ್ಲಿರುವ ಮಕ್ಕಳ ಕುರಿತು ಚರ್ಚೆ ಹುಟ್ಟಿಸುವುದು ತನ್ನ ಉದ್ದೇಶವಾಗಿತ್ತೆಂದು ಆತ ಹೇಳಿಕೊಂಡ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಿಜವಾದ ಅತ್ಯಾಚಾರಗಳನ್ನು ಜೀವದ ಹಂಗು ತೊರೆದು ಚಿತ್ರೀಕರಿಸುತ್ತಿದ್ದವರ ಗತಿ ಏನಾಯಿತು? ಅವರ ಸಾಕ್ಷ್ಯವನ್ನೂ ನಾಟಕವೆಂದು ತಳ್ಳಿಹಾಕುವವರಿಗೆ ಆತನು ಆಯುಧ ಒದಗಿಸಿದ. ಪತ್ರಕರ್ತರು ಪ್ರತಿಭಟಿಸಿದರು, ಆತ ಕ್ಷಮೆ ಕೇಳಿದ. ದೃಶ್ಯವನ್ನು ಹಂಚಿದವರಲ್ಲಿ ಎಷ್ಟು ಮಂದಿ ಕ್ಷಮೆ ಕೇಳಿದರು?

ಅಳಿಸದೆಯೂ ಕೈ ಬಿಚ್ಚಿಸಬಹುದು. 2015ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಹೊರಬಂದ 'ಕ್ಲೌಡ್ಸ್ ಓವರ್ ಸಿದ್ರಾ' ಎಂಬ ಚಿತ್ರ ಜೋರ್ಡಾನಿನ ಝಾತರಿ ಶಿಬಿರದ ಹನ್ನೆರಡರ ಬಾಲಕಿಯದು. ಕಣ್ಣಿಗೆ ಸಾಧನವೊಂದನ್ನು ಧರಿಸಿ ನೋಡಿದರೆ ಶಿಬಿರ ಸುತ್ತಲೂ ಕಾಣುತ್ತದೆ. ಆಕೆ ತನ್ನ ಶಾಲೆಯನ್ನು, ರೊಟ್ಟಿಯ ಬೇಕರಿಯನ್ನು, ಫುಟ್ಬಾಲ್ ಆಟವನ್ನು ತಾನೇ ತೋರಿಸುತ್ತಾಳೆ. ಬೀದಿಯಲ್ಲಿ ಈ ಚಿತ್ರ ತೋರಿಸಿದಾಗ ದಾನಿಗಳ ಪ್ರಮಾಣ ಇಮ್ಮಡಿಯಾಯಿತೆಂದು ಯುನಿಸೆಫ್ ತಿಳಿಸಿತು. 2015ರ ಮಾರ್ಚ್‌ನಲ್ಲಿ ಕುವೈತ್‌ನಲ್ಲಿ ಸೇರಿದ ದಾನಿ ರಾಷ್ಟ್ರಗಳ ಸಮ್ಮೇಳನ 380 ಕೋಟಿ ಡಾಲರ್ ವಾಗ್ದಾನ ಮಾಡಿತು. ಅಲ್ಲಿಯೂ ಈ ಚಿತ್ರ ತೋರಿಸಲಾಗಿತ್ತು, ಆದರೂ ಆ ಮೊತ್ತವನ್ನೆಲ್ಲ ಚಿತ್ರದ ಲೆಕ್ಕಕ್ಕೆ ಬರೆಯುವುದು ಅತಿಶಯ.

ನಮ್ಮ ಝಕಾತ್ ಹಣವನ್ನು ಸ್ಥಳೀಯ ಬಡವನಿಗೆ ಕೊಡುವಾಗ ಅವನ ಮನೆ ಎಲ್ಲಿ, ಸಾಲ ಎಷ್ಟು ಎಂದೆಲ್ಲ ವಿಚಾರಿಸುತ್ತೇವೆ, ಕೆಲವೊಮ್ಮೆ ಅವಮಾನವಾಗುವಷ್ಟು. ಮೊಬೈಲಿನಲ್ಲಿ ಬಂದದ್ದಕ್ಕೆ ಮಾತ್ರ ಈ ವಿಚಾರಣೆಯಿಲ್ಲ! ಯಾರು, ಎಲ್ಲಿ, ಯಾವಾಗ ಚಿತ್ರೀಕರಿಸಿದರು, ಮುಖ ತೋರಿಸಲು ಆ ಕುಟುಂಬ ಒಪ್ಪಿದೆಯೇ, ಹಣದ ಲೆಕ್ಕ ಯಾರು ಕೊಡುತ್ತಾರೆ ಎಂದು ಕೇಳಿ. ನಿಮ್ಮಲ್ಲಿ ಕ್ಯಾಮೆರಾ ಹಿಡಿಯಬಲ್ಲ ಯುವಕರಿದ್ದೀರಿ. ಅಭಿನಯವಾದರೆ ಅಭಿನಯವೆಂದು ಬರೆಯಿರಿ.

ಇನ್ನೊಂದು ಸಂಗತಿ. 2017ರ ಆಗಸ್ಟ್‌ನಿಂದ ಮ್ಯಾನ್ಮಾರ್‌ನ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯರು ಬಾಂಗ್ಲಾದೇಶಕ್ಕೆ ಓಡಿಬಂದಾಗ ನಮ್ಮ ಮೊಬೈಲುಗಳು ದೃಶ್ಯಗಳಿಂದ ತುಂಬಿದ್ದವು. ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ಕಾಕ್ಸ್ ಬಝಾರಿನ ಶಿಬಿರಗಳಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರವನ್ನು 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಆ ಜೂನ್ ತಿಂಗಳಲ್ಲಿ ನನಗೆ ಒಂದೇ ಒಂದು ದೃಶ್ಯವೂ ಬಂದ ನೆನಪಿಲ್ಲ. ನಿಮಗೆ ಬಂದಿತ್ತೇ?